ಆನೆಯ ಅಪರಾಧ, ಮಾವುತನ ಹೊಣೆ

ಹೈದರಾಬಾದು ನಗರದಲ್ಲಿ ಮೊಹರಂ ತಿಂಗಳ ಹತ್ತನೆಯ ದಿನ ದಬೀರ್‌ಪುರದ ಬೀಬೀ ಕಾ ಅಲಾವಾದಿಂದ ಹೊರಡುವ ಅಲಮನ್ನು ಆನೆಯ ಮೇಲೆ ಒಯ್ಯುವ ವಾಡಿಕೆ ಬಹುಕಾಲದಿಂದ ನಡೆದು ಬಂದಿದೆ. ಆಷಾಢದ ಬೋನಾಲು ಹಬ್ಬದಲ್ಲಿ ಹರಿಬೌಲಿಯ ಅಕ್ಕನ್ನ-ಮಾದನ್ನ ದೇವಾಲಯದ ಘಟವೂ ಆನೆಯ ಮೇಲೆಯೇ ಮೆರೆಯುವುದು ರೂಢಿ. ಈ ಎರಡು ಸಂದರ್ಭಗಳಲ್ಲಿಯೂ ಹಳೆಯ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ಸಾವಿರಾರು ಜನರ ನಡುವೆ ಆ ಪ್ರಾಣಿ ನಡೆದುಹೋಗುತ್ತದೆ. ನೆರೆದ ಜನ ಅದರ ಕಾಲಿನಿಂದ ಮಾರುದೂರದಲ್ಲಿ ನಿಂತು ಕೈಮುಗಿಯುತ್ತಾರೆ. ಈ ನಿರ್ಭಯತೆಗೆ ಆಧಾರ ಆನೆಯ ಸಾಧುತ್ವವೆಂದು ತೋರಬಹುದು. ಆದರೆ ಅದರ ನಿಜವಾದ ಆಧಾರ ಆನೆಯ ಕತ್ತಿನ ಮೇಲೆ ಕುಳಿತ ಮನುಷ್ಯನ ವಿದ್ಯೆ. ಆ ವಿದ್ಯೆ ಒಂದು ಕ್ಷಣ ತಪ್ಪಿ, ಆನೆ ಒಬ್ಬನನ್ನು ಕೊಂದರೆ, ತಪ್ಪು ಯಾರದು? ಪ್ರಾಣಿಯದೇ, ಮಾವುತನದೇ, ಅದನ್ನು ಗುಂಪಿನೊಳಕ್ಕೆ ತಂದ ಒಡೆಯನದೇ, ಅಥವಾ ನೋಡಲು ನೆರೆದ ಜನರದೇ?

ಈ ಪ್ರಶ್ನೆಯನ್ನು ಅಮೆರಿಕದ ನಾಟಕಕಾರ ಜಾರ್ಜ್ ಬ್ರ್ಯಾಂಟ್ ತಮ್ಮ 'ಎಲಿಫೆಂಟ್ಸ್ ಗ್ರೇವ್‌ಯಾರ್ಡ್' ಎಂಬ ನಾಟಕದಲ್ಲಿ ಎತ್ತಿದ್ದಾರೆ. 'ಆನೆಯ ಸ್ಮಶಾನ' ಎಂದು ಈ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಕೀನ್ ಸಾಹಿತ್ಯ ಬಹುಮಾನ ೨೦೦೮ರಲ್ಲಿ ಈ ಕೃತಿಗೆ ಸಂದಿತು. ಊರೂರು ಅಲೆಯುವ ಒಂದು ಸರ್ಕಸ್ಸು, ಬೆಟ್ಟಗಳ ನಡುವಣ ಒಂದು ಚಿಕ್ಕ ಪಟ್ಟಣ, ಒಂದು ಸಾವು, ಆ ಸಾವಿಗೆ ತೀರಿಸಿಕೊಂಡ ಸೇಡು—ಇಷ್ಟೇ ಅದರ ವಸ್ತು. ನಾಟಕಕಾರರು ಇದನ್ನು ಕಲ್ಪಿಸಿದವರಲ್ಲ. ೧೯೧೬ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಟೆನೆಸೀ ಸಂಸ್ಥಾನದಲ್ಲಿ ನಿಜವಾಗಿ ನಡೆದ ಸಂಗತಿಯಿದು. ದೂರದ ಈ ವೃತ್ತಾಂತಕ್ಕೂ ಕನ್ನಡ ನಾಡಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಡುವ ಪ್ರಾಚೀನ ಗ್ರಂಥವೊಂದು ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ಅದೂ ಆ ಘಟನೆಗೆ ಏಳು ವರ್ಷಗಳ ಹಿಂದೆ.

೧

ಮೊದಲು ಘಟನೆಯನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸರ್ಕಸ್ಸನ್ನು ದೊಡ್ಡ ಉದ್ಯಮವನ್ನಾಗಿ ಮಾಡಿದ್ದು ರೈಲು. ಡೇರೆ, ಕುದುರೆ, ಹುಲಿ, ಆನೆ, ಬ್ಯಾಂಡು, ಆಳುಕಾಳು ಎಲ್ಲವನ್ನೂ ಬಂಡಿಗಳಲ್ಲಿ ತುಂಬಿಕೊಂಡು, ಈ ದಿನ ಒಂದೂರು, ನಾಳೆ ಮತ್ತೊಂದೂರು ಎಂಬಂತೆ ಸುತ್ತುವುದು ಅದರಿಂದ ಸಾಧ್ಯವಾಯಿತು. ಭಾರತದಲ್ಲಿಯೂ ಆಟ ತಡವಾಗಿ ಬರಲಿಲ್ಲ. ಕುರುಂದವಾಡ ಸಂಸ್ಥಾನದಲ್ಲಿ ಕುದುರೆಗಳನ್ನು ಪಳಗಿಸುತ್ತಿದ್ದ ವಿಷ್ಣುಪಂತ ಛತ್ರೆಯವರು ಮುಂಬಯಿಯಲ್ಲಿ ಇಟಲಿಯ ಕಿಯಾರಿನಿಯ ಆಟವನ್ನು ಕಂಡು, ೧೮೮೦ರಲ್ಲಿ ತಮ್ಮದೇ ಸರ್ಕಸ್ಸನ್ನು ಕಟ್ಟಿದರು. ಅಮೆರಿಕದಲ್ಲಿ ಇದೇ ಕಾಲಕ್ಕೆ ಬಾರ್ನಂ ಎಂಬ ಪ್ರಸಿದ್ಧ ಪ್ರದರ್ಶಕನು ಲಂಡನ್ನಿನ ಮೃಗಾಲಯದಿಂದ ಜಂಬೋ ಎಂಬ ಆಫ್ರಿಕದ ಆನೆಯನ್ನು ೧೮೮೨ರಲ್ಲಿ ಕೊಂಡು ತಂದನು. ಅದು ೧೮೮೫ರಲ್ಲಿ ಕೆನಡದಲ್ಲಿ ರೈಲಿಗೆ ಸಿಕ್ಕಿ ಸತ್ತಿತು. ಆದರೆ ಅದರ ಹೆಸರು ಉಳಿಯಿತು; ಆನೆ ದೊಡ್ಡದಾದಷ್ಟೂ ಟಿಕೆಟ್ಟು ಹೆಚ್ಚು ಮಾರುತ್ತದೆಂಬ ತಿಳಿವಳಿಕೆಯೂ ಉಳಿಯಿತು.

ಚಾರ್ಲಿ ಸ್ಪಾರ್ಕ್ಸ್ ಎಂಬುವನ ಸರ್ಕಸ್ಸು ದೊಡ್ಡ ಕಂಪೆನಿಗಳ ಮುಂದೆ ಚಿಕ್ಕದು. ಅದರ ಮುಖ್ಯ ಆಕರ್ಷಣೆ ಮೇರಿ ಎಂಬ ಏಷ್ಯಾದ ಹೆಣ್ಣಾನೆ. ಭೂಮಿಯ ಮೇಲೆ ಬದುಕಿರುವ ಪ್ರಾಣಿಗಳಲ್ಲೆಲ್ಲ ಇದೇ ದೊಡ್ಡದು, ಜಂಬೋಗಿಂತ ಮೂರು ಅಂಗುಲ ಎತ್ತರ ಎಂಬುದು ಜಾಹೀರಾತಿನ ಮಾತು. ತೂಕ ಐದು ಟನ್ನೆಂದು ಹೇಳುತ್ತಿದ್ದರು. ಸರ್ಕಸ್ಸು ವರ್ಜೀನಿಯಾದ ಸೇಂಟ್ ಪಾಲ್ ಎಂಬ ಊರಿನಲ್ಲಿ ತಂಗಿದ್ದಾಗ ರೆಡ್ ಎಲ್ಡ್ರಿಜ್ ಎಂಬ ಕೆಂಪು ಕೂದಲಿನ ಒಬ್ಬ ಕೂಲಿಗಾರ ಕೆಲಸ ಕೇಳಿಕೊಂಡು ಬಂದನು. ಅವನು ಹಿಂದೆ ದುಡಿಯುತ್ತಿದ್ದುದು ಒಂದು ಹೋಟೆಲಿನಲ್ಲಿ. ಆನೆಗಳನ್ನು ನೋಡಿಕೊಳ್ಳುವವರ ಕೈಕೆಳಗೆ ಅವನಿಗೆ ಕೆಲಸ ಸಿಕ್ಕಿತು. ಮೈಸೂರು ಸೀಮೆಯ ಮಾತಿನಲ್ಲಿ ಹೇಳುವುದಾದರೆ ಅವನು ಕಾವಾಡಿಯಾದನು. ಮೈಸೂರಿನ ಆನೆಬಿಡಾರಗಳಲ್ಲಿ ಕಾವಾಡಿಯಾದವನು ಮೇವು ತಂದು, ಆನೆಗೆ ಸ್ನಾನಮಾಡಿಸಿ, ಅದರ ಮನಸ್ಸನ್ನು ತಿಳಿದುಕೊಳ್ಳುತ್ತ ವರ್ಷಗಟ್ಟಲೆ ಕಳೆದ ಮೇಲೆ ಮಾವುತನಾಗುತ್ತಾನೆ. ಎಲ್ಡ್ರಿಜ್‌ನಿಗೆ ದೊರೆತ ಅವಧಿ ಒಂದೆರಡು ದಿನ ಮಾತ್ರ.

ಸೆಪ್ಟೆಂಬರ್ ೧೨ರಂದು ಆಟ ಕಿಂಗ್ಸ್‌ಪೋರ್ಟ್ ಎಂಬಲ್ಲಿ ನಡೆಯಿತು. ಕಿಂಗ್ಸ್‌ಪೋರ್ಟ್ ಆಗಿನ್ನೂ ಕಾರ್ಖಾನೆಗಳಿಗಾಗಿ ಹೊಸದಾಗಿ ಕಟ್ಟುತ್ತಿದ್ದ ಊರು. ಅದು ವಿಧಿವತ್ತಾಗಿ ಪಟ್ಟಣವೆನಿಸಿದ್ದು ಮರುವರ್ಷ, ೧೯೧೭ರಲ್ಲಿ. ಆನೆಗಳನ್ನು ನೀರಿಗೆ ಕರೆದೊಯ್ಯುವಾಗ ಎಲ್ಡ್ರಿಜ್ ಮೇರಿಯ ಮೇಲೆ ಕುಳಿತಿದ್ದನು. ದಾರಿಯಲ್ಲಿ ಬಿದ್ದಿದ್ದ ಕಲ್ಲಂಗಡಿಯ ಸಿಪ್ಪೆಗೆ ಆನೆ ಸೊಂಡಿಲನ್ನು ಚಾಚಿತು. ಅವನು ಕೊಕ್ಕೆಯ ಕೋಲಿನಿಂದ ತಿವಿದನು. ಆನೆ ಅವನನ್ನು ಸೆಳೆದು ಕೆಡವಿ, ತಲೆಯ ಮೇಲೆ ಕಾಲಿಟ್ಟಿತು. ವಿವರಗಳಲ್ಲಿ ಕಂಡವರ ಹೇಳಿಕೆಗಳು ಒಂದಕ್ಕೊಂದು ಹೊಂದುವುದಿಲ್ಲ. ಆನೆಯ ದವಡೆಯಲ್ಲಿ ಕೀವುಗಟ್ಟಿದ ಹಲ್ಲೊಂದಿತ್ತು, ಪೆಟ್ಟು ಬಿದ್ದದ್ದು ಅಲ್ಲಿಯೇ ಎಂಬ ಮಾತೂ ಆಮೇಲೆ ಹುಟ್ಟಿಕೊಂಡಿತು. ಅದು ಹೇಗಾದರೂ ಇರಲಿ, ಕ್ಷಣಮಾತ್ರದಲ್ಲಿ ಒಬ್ಬ ಮನುಷ್ಯನ ಪ್ರಾಣ ಹೋದದ್ದು ನಿಜ. ಸುತ್ತ ನೆರೆದಿದ್ದ ಜನ ಆನೆಯನ್ನು ಕೊಲ್ಲಬೇಕೆಂದು ಕೂಗಿದರು. ಊರಿನ ಕಮ್ಮಾರನೊಬ್ಬನು ಪಿಸ್ತೂಲಿನಿಂದ ಹಲವು ಗುಂಡು ಹಾರಿಸಿದನು. ಅವುಗಳಿಂದ ಆನೆಗೆ ಹೆಚ್ಚಿನ ಅಪಾಯವಾಗಲಿಲ್ಲ. ಕೃತ್ಯ ಮುಗಿದ ಮೇಲೆ ಮೇರಿ ಶಾಂತವಾಗಿ ನಿಂತಿತ್ತೆಂದು ಹೇಳುತ್ತಾರೆ.

ಇಲ್ಲಿಂದ ಮುಂದಿನದು ಲೆಕ್ಕಾಚಾರ. ಕೊಲೆಗಡುಕ ಆನೆಯಿರುವ ಸರ್ಕಸ್ಸನ್ನು ತಮ್ಮ ಊರಿಗೆ ಬರಗೊಡುವುದಿಲ್ಲವೆಂದು ಸುತ್ತಣ ಪಟ್ಟಣಗಳು ಹೇಳತೊಡಗಿದವು. ಒಡೆಯನ ಮುಂದೆ ಎರಡು ನಷ್ಟಗಳು ನಿಂತವು. ಆನೆ ಹೋದರೆ ಸಾವಿರಾರು ಡಾಲರ್ ಬೆಲೆಯ ಸೊತ್ತು ಹೋಗುತ್ತದೆ. ಆನೆ ಉಳಿದರೆ ಮುಂದಿನ ಊರುಗಳ ಆದಾಯವೆಲ್ಲ ಹೋಗುತ್ತದೆ. ಸ್ಪಾರ್ಕ್ಸ್ ಎರಡನೆಯ ನಷ್ಟಕ್ಕೆ ಹೆದರಿದನು. ಕೋವಿಯ ಗುಂಡಿನ ಮೇಲೆ ನಂಬಿಕೆಯಿಲ್ಲ, ವಿಷದ ಮೇಲೂ ಇಲ್ಲ. ಕೊನೆಗೆ ನೇಣೆಂದು ನಿಶ್ಚಯವಾಯಿತು. ಐದು ಟನ್ ತೂಕವನ್ನೆತ್ತುವ ಯಂತ್ರ ಇದ್ದದ್ದು ಅರ್ವಿನ್ ಎಂಬ ಊರಿನ ಕ್ಲಿಂಚ್‌ಫೀಲ್ಡ್ ರೈಲ್ವೆಯ ಯಾರ್ಡಿನಲ್ಲಿ. ಹಳಿತಪ್ಪಿದ ಗಾಡಿಗಳನ್ನೆತ್ತುವ ನೂರು ಟನ್ನಿನ ಕ್ರೇನು ಅದು.

ಸೆಪ್ಟೆಂಬರ್ ೧೩, ಮಳೆ ಹಿಡಿದ ದಿನ. ಅರ್ವಿನ್‌ನಲ್ಲಿ ಮಧ್ಯಾಹ್ನದ ಆಟ ಮೇರಿಯಿಲ್ಲದೆ ನಡೆಯಿತು. ಆಟ ಮುಗಿದ ಮೇಲೆ ಉಳಿದ ಆನೆಗಳೊಡನೆ, ಒಂದರ ಬಾಲವನ್ನು ಇನ್ನೊಂದು ಸೊಂಡಿಲಿನಲ್ಲಿ ಹಿಡಿದ ಸಾಲಿನಲ್ಲಿಯೇ ಮೇರಿಯನ್ನು ಯಾರ್ಡಿಗೆ ನಡೆಸಿಕೊಂಡು ಹೋದರು. ನೋಡಲು ನೆರೆದವರು ಎರಡೂವರೆ ಸಾವಿರಕ್ಕೂ ಹೆಚ್ಚೆಂದು ವರದಿಗಳಿವೆ. ಅವರಲ್ಲಿ ಮಕ್ಕಳೂ ಬಹುಮಂದಿ. ಮೊದಲು ಕುತ್ತಿಗೆಗೆ ಹಾಕಿದ ಸರಪಳಿ ಕಡಿದು ಆನೆ ಕೆಳಕ್ಕೆ ಬಿದ್ದು ಸೊಂಟ ಮುರಿಯಿತು. ಮತ್ತೊಂದು ದಪ್ಪ ಸರಪಳಿಯನ್ನು ಹಾಕಿ ಮತ್ತೆ ಎತ್ತಿದರು. ಪ್ರಾಣ ಹೋದ ಮೇಲೆ ಹಳಿಗಳ ಪಕ್ಕದಲ್ಲಿ ಉಗಿಯಂತ್ರದಿಂದ ತೋಡಿದ ಗುಂಡಿಯಲ್ಲಿ ಹೂಳಿದರು. ಮಸಕಾದ ಒಂದು ಛಾಯಾಚಿತ್ರ ಉಳಿದಿದೆ. ಸರ್ಕಸ್ಸು ಮುಂದಿನ ಊರಿಗೆ ಹೋಯಿತು.

೨

ಈ ಸಂಗತಿ ವಿಚಿತ್ರವಾದರೂ ಒಂಟಿಯಾದುದಲ್ಲ. ಲಂಡನ್ನಿನ ಒಂದು ಪ್ರಾಣಿಶಾಲೆಯಲ್ಲಿದ್ದ ಚೂನಿ ಎಂಬ ಆನೆಯನ್ನು ೧೮೨೬ರಲ್ಲಿ ಸಿಪಾಯಿಗಳನ್ನು ಕರೆಸಿ ಗುಂಡಿಕ್ಕಿಸಿ ಕೊಲ್ಲಲಾಯಿತು. ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಟಾಪ್ಸಿ ಎಂಬ ಆನೆಯನ್ನು ೧೯೦೩ರ ಜನವರಿಯಲ್ಲಿ ವಿದ್ಯುತ್ತಿನಿಂದ ಕೊಂದು, ಅದನ್ನು ಚಲಚ್ಚಿತ್ರವಾಗಿಯೂ ತೆಗೆದರು. ಯೂರೋಪಿನ ಮಧ್ಯಯುಗದಲ್ಲಿ ಪ್ರಾಣಿಗಳ ಮೇಲೆ ನ್ಯಾಯಾಲಯಗಳಲ್ಲಿ ವಿಚಾರಣೆಯೇ ನಡೆಯುತ್ತಿತ್ತು. ಫ್ರಾನ್ಸಿನ ಫಾಲೇಸ್ ಎಂಬಲ್ಲಿ ೧೩೮೬ರಲ್ಲಿ ಶಿಶುವನ್ನು ಕೊಂದ ಹಂದಿಯೊಂದಕ್ಕೆ ಮನುಷ್ಯರ ಉಡುಪು ತೊಡಿಸಿ ಗಲ್ಲಿಗೇರಿಸಿದ ಕಥೆ ಪ್ರಸಿದ್ಧವಾಗಿದೆ. ಇಂಥ ವ್ಯಾಜ್ಯಗಳನ್ನು ಕಲೆಹಾಕಿ ಇ. ಪಿ. ಎವನ್ಸ್ ಎಂಬ ವಿದ್ವಾಂಸರು ೧೯೦೬ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ, ಮನುಷ್ಯನ ಸಾವಿಗೆ ಕಾರಣವಾದ ಪ್ರಾಣಿಯನ್ನಾಗಲಿ ವಸ್ತುವನ್ನಾಗಲಿ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳುವ ಪದ್ಧತಿಯಿತ್ತು. ಅದು ರದ್ದಾದದ್ದು ೧೮೪೬ರಲ್ಲಿ.

ಇವೆಲ್ಲಕ್ಕೂ ಹಿಂದೆ ಯಹೂದ್ಯರ ಧರ್ಮಗ್ರಂಥದ ವಿಧಿಯೊಂದಿದೆ: ಹಾಯ್ದು ಮನುಷ್ಯನನ್ನು ಕೊಂದ ಎತ್ತನ್ನು ಕಲ್ಲೆಸೆದು ಕೊಲ್ಲಬೇಕು. ಆದರೆ ಆ ವಿಧಿ ಅಲ್ಲಿಗೆ ನಿಲ್ಲುವುದಿಲ್ಲ. ಎತ್ತು ಹಾಯುವ ಸ್ವಭಾವದ್ದೆಂದು ಒಡೆಯನಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದು, ಅವನು ಅದನ್ನು ಕಟ್ಟಿಹಾಕದಿದ್ದರೆ, ಒಡೆಯನೂ ಮರಣದಂಡನೆಗೆ ಅರ್ಹನಾಗುತ್ತಾನೆ. ಬೈಬಲ್ಲನ್ನು ಮನೆಮನೆಯಲ್ಲಿ ಓದುತ್ತಿದ್ದ ಟೆನೆಸೀಯ ಜನ ಮೊದಲ ಭಾಗವನ್ನು ನಡೆಸಿ ಎರಡನೆಯ ಭಾಗವನ್ನು ಮರೆತರು. ಅರ್ವಿನ್‌ನಲ್ಲಿ ವಿಚಾರಣೆಯೂ ಆಗಲಿಲ್ಲ. ಫಾಲೇಸ್ ಊರಿನ ಹಂದಿಗೆ ದೊರೆತಷ್ಟು ಔಪಚಾರಿಕ ಮರ್ಯಾದೆಯೂ ಮೇರಿಗೆ ದೊರೆಯಲಿಲ್ಲ.

ವಿಚಾರಣೆಯಿಲ್ಲದ ನೇಣು ಆ ಸೀಮೆಯಲ್ಲಿ ಆ ಕಾಲಕ್ಕೆ ಆನೆಗೆ ಮಾತ್ರ ಮೀಸಲಾಗಿರಲಿಲ್ಲವೆಂಬುದನ್ನೂ ನೆನೆಯಬೇಕು. ಅದೇ ೧೯೧೬ರ ಮೇ ತಿಂಗಳಲ್ಲಿ ಟೆಕ್ಸಾಸ್ ಸಂಸ್ಥಾನದ ವೇಕೊ ನಗರದಲ್ಲಿ ಜೆಸ್ಸಿ ವಾಷಿಂಗ್ಟನ್ ಎಂಬ ಹದಿಹರೆಯದ ಕಪ್ಪು ಜನಾಂಗದ ಹುಡುಗನನ್ನು ನ್ಯಾಯಾಲಯದಿಂದಲೇ ಎಳೆದೊಯ್ದು, ಹತ್ತು ಸಾವಿರಕ್ಕೂ ಮಿಕ್ಕಿದ ಜನರ ಎದುರಿನಲ್ಲಿ ಸುಟ್ಟು ಕೊಂದರು. ಆ ದೃಶ್ಯದ ಛಾಯಾಚಿತ್ರಗಳು ಅಂಚೆ ಕಾರ್ಡುಗಳಾಗಿ ಮಾರಾಟವಾದವು. ಆನೆಯ ಸಾವನ್ನು ಮನುಷ್ಯನ ಸಾವಿಗೆ ಸಮವೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಎರಡು ಕಡೆಯೂ ಗುಂಪಿನ ನಡತೆ ಒಂದೇ ಅಚ್ಚಿನದು: ಕೋಪ ಮೊದಲು ಬರುತ್ತದೆ, ಅದಕ್ಕೆ ತಕ್ಕ ನ್ಯಾಯವನ್ನು ಆಮೇಲೆ ಹುಡುಕುತ್ತಾರೆ, ಕೊನೆಗೆ ಶಿಕ್ಷೆ ಜಾತ್ರೆಯಾಗುತ್ತದೆ.

೩

ಇನ್ನು ಮೈಸೂರಿನ ಗ್ರಂಥದ ಮಾತು. ೧೯೦೫ರಲ್ಲಿ ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರಿಂದ ಬಂದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. ಮೂಲಪಾಠವನ್ನು ೧೯೦೯ರಲ್ಲಿ ಅವರು ಪ್ರಕಟಿಸಿದರು. ಇಂಗ್ಲಿಷ್ ಅನುವಾದ ೧೯೧೫ರಲ್ಲಿ ಗ್ರಂಥರೂಪದಲ್ಲಿ ಹೊರಬಂದಿತು. ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನವೆಂದು ಕೆಲವರೂ ಕ್ರಿಸ್ತಶಕದ ಮೊದಲ ಶತಮಾನಗಳೆಂದು ಕೆಲವರೂ ಹೇಳುತ್ತಾರೆ. ಯಾವ ಕಾಲದ್ದಾದರೂ, ಆನೆಯೊಡನೆ ಮನುಷ್ಯನ ವ್ಯವಹಾರವನ್ನು ಅಷ್ಟು ವಿವರವಾಗಿ ಶಾಸನಕ್ಕೆ ಒಳಪಡಿಸಿದ ಪ್ರಾಚೀನ ಗ್ರಂಥ ಮತ್ತೊಂದಿಲ್ಲವೆನ್ನಬಹುದು.

ಎರಡನೆಯ ಅಧಿಕರಣದಲ್ಲಿ ಆನೆಯನ್ನು ಕೊಂದವನಿಗೆ ಮರಣದಂಡನೆಯ ವಿಧಿಯಿದೆ. ತಾನಾಗಿ ಸತ್ತ ಆನೆಯ ದಂತಗಳನ್ನು ತಂದೊಪ್ಪಿಸಿದವನಿಗೆ ನಾಲ್ಕೂವರೆ ಪಣಗಳ ಬಹುಮಾನ. ಅದೇ ಅಧಿಕರಣದಲ್ಲಿ ಹಸ್ತ್ಯಧ್ಯಕ್ಷನ ಕೈಕೆಳಗಿನ ಪರಿವಾರ ತೆರಬೇಕಾದ ದಂಡಗಳ ಪಟ್ಟಿಯೊಂದು ಬರುತ್ತದೆ. ಲಾಯವನ್ನು ಶುಚಿಯಾಗಿಡದಿರುವುದು, ಮೇವು ಕೊಡದಿರುವುದು, ಬರಿಯ ನೆಲದ ಮೇಲೆ ಮಲಗಿಸುವುದು, ಹೊಡೆಯಬಾರದ ಜಾಗದಲ್ಲಿ ಹೊಡೆಯುವುದು, ಸಂಬಂಧವಿಲ್ಲದವನನ್ನು ಆನೆಯ ಮೇಲೆ ಹತ್ತಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ನಡೆಸುವುದು, ಘಟ್ಟವಿಲ್ಲದ ಕಡೆ ನೀರಿಗಿಳಿಸುವುದು—ಇವೆಲ್ಲವೂ ತಪ್ಪುಗಳು. ಈ ಪಟ್ಟಿಯನ್ನು ಕಿಂಗ್ಸ್‌ಪೋರ್ಟಿನ ಘಟನೆಯ ಪಕ್ಕದಲ್ಲಿಟ್ಟು ಓದಿದರೆ ಆಶ್ಚರ್ಯವಾಗುತ್ತದೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನನ್ನು ಆನೆಯ ಮೇಲೆ ಕೂರಿಸಿದ್ದು ಒಂದು ತಪ್ಪು. ಬಾಯಾರಿ ನೀರಿಗೆ ಹೊರಟ ಪ್ರಾಣಿಯನ್ನು ತಿವಿದದ್ದು ಎರಡನೆಯದು. ಹಲ್ಲಿನ ನೋವಿನ ಮಾತು ನಿಜವಾಗಿದ್ದರೆ, ಹೊಡೆಯಬಾರದ ಜಾಗದಲ್ಲಿ ಹೊಡೆದದ್ದು ಮೂರನೆಯದು.

ಇನ್ನೂ ಮುಖ್ಯವಾದುದು ನಾಲ್ಕನೆಯ ಅಧಿಕರಣದ ಹದಿಮೂರನೆಯ ಅಧ್ಯಾಯ. ಅಲ್ಲಿ ಕೌಟಿಲ್ಯನು ಎರಡು ಸಂದರ್ಭಗಳನ್ನು ಬೇರ್ಪಡಿಸುತ್ತಾನೆ. ಒಬ್ಬನು ತಾನೇ ಆನೆಯನ್ನು ಕೆರಳಿಸಿ ಅದರಿಂದ ಸತ್ತರೆ, ಆನೆಗಾಗಲಿ ನಡೆಸುವವನಿಗಾಗಲಿ ದಂಡವಿಲ್ಲ. ತದ್ವಿರುದ್ಧವಾಗಿ ಸತ್ತವನ ಕಡೆಯಿಂದಲೇ ಆನೆಗೆ ಅನ್ನ, ಮದ್ಯದ ಕುಂಭ, ಹೂಮಾಲೆ, ಗಂಧ, ದಂತವನ್ನು ಒರೆಸಲು ಬಟ್ಟೆ ಸಲ್ಲಬೇಕು. ಆನೆಯಿಂದ ಬಂದ ಸಾವು ಅಶ್ವಮೇಧದ ಕೊನೆಯ ಸ್ನಾನಕ್ಕೆ ಸಮಾನವೆಂದು ಎಣಿಸಿ, ಈ ಕಾಣಿಕೆಗೆ ಪಾದಪ್ರಕ್ಷಾಲನವೆಂದು ಹೆಸರಿಟ್ಟಿದೆ. ಆದರೆ ಏನೂ ಅರಿಯದ ದಾರಿಹೋಕನನ್ನು ಆನೆ ಕೊಂದರೆ, ನಡೆಸುವವನಿಗೆ ಉತ್ತಮ ಸಾಹಸದಂಡ, ಎಂದರೆ ಐನೂರರಿಂದ ಸಾವಿರ ಪಣಗಳವರೆಗಿನ ದಂಡ. ಕೊಂಬಿನ ಅಥವಾ ಕೋರೆಯ ಪ್ರಾಣಿ ಒಬ್ಬನನ್ನು ಹಿಂಸಿಸುತ್ತಿರುವಾಗ ಬಿಡಿಸದ ಒಡೆಯನಿಗೂ ದಂಡವಿದೆ. ಬಿಡಿಸೆಂದು ಕೂಗಿಕೊಂಡ ಮೇಲೂ ಬಿಡಿಸದಿದ್ದರೆ ಅದರ ಇಮ್ಮಡಿ.

ಈ ವಿಧಿಗಳಲ್ಲಿ ಕರುಣೆಯ ಮಾತು ಒಂದೂ ಇಲ್ಲ. ಕೌಟಿಲ್ಯನಿಗೆ ಆನೆ ರಾಜ್ಯದ ಸೈನ್ಯಬಲ, ಬೆಲೆಬಾಳುವ ಸೊತ್ತು. ಆದರೂ ಅವನ ದೃಷ್ಟಿ ಪ್ರಶ್ನೆಯನ್ನು ಸರಿಯಾದ ಕಡೆಗೆ ತಿರುಗಿಸುತ್ತದೆ. ಪ್ರಾಣಿಗೆ ಇಚ್ಛಾಪೂರ್ವಕವಾದ ಅಪರಾಧವಿಲ್ಲ. ಅಪರಾಧವಿರುವುದು ಅದನ್ನು ತನ್ನ ಪ್ರಯೋಜನಕ್ಕಾಗಿ ಜನರ ನಡುವೆ ತಂದವನ ಅಜಾಗರೂಕತೆಯಲ್ಲಿ. ಅರ್ವಿನ್‌ನಲ್ಲಿ ಈ ನ್ಯಾಯ ನಡೆದಿದ್ದರೆ ಸ್ಪಾರ್ಕ್ಸ್ ದಂಡ ತೆರಬೇಕಾಗಿತ್ತು. ಮೇರಿ ನೇಣುಗಂಬಕ್ಕೆ ಹೋದದ್ದರಿಂದ ಅವನು ಹೊಣೆಯಿಂದ ಪಾರಾದನು. ಜನಕ್ಕೂ ನ್ಯಾಯ ನಡೆಯಿತೆಂಬ ತೃಪ್ತಿಯಾಯಿತು. ಎರಡು ಪಕ್ಷಕ್ಕೂ ಅನುಕೂಲವಾದ ಒಪ್ಪಂದಕ್ಕೆ ಬಲಿಯಾದದ್ದು ಮಾತುಬಾರದ ಮೂರನೆಯ ಪಕ್ಷ.

೪

ಇಷ್ಟರಿಂದ ನಮ್ಮ ಪೂರ್ವಿಕರು ನ್ಯಾಯವಂತರು, ಪಶ್ಚಿಮದವರು ಕ್ರೂರಿಗಳು ಎಂದು ತೀರ್ಮಾನಿಸುವುದು ಚರಿತ್ರೆಗೆ ಅಪಚಾರವಾದೀತು. ಹೈದರಾಬಾದಿನಲ್ಲಿ ನೆಲೆಸಿರುವ ಅನೇಕ ಕನ್ನಡ ಮನೆತನಗಳ ಮೂಲ ಬೀದರ, ಕಲಬುರ್ಗಿ, ರಾಯಚೂರು ಸೀಮೆಗಳಲ್ಲಿದೆ. ಆ ಸೀಮೆಯ ಕಲ್ಯಾಣವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ಆಳಿದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರ ಹೊತ್ತಿಗೆ ಮಾನಸೋಲ್ಲಾಸವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಬರೋಡದ ಗಾಯಕವಾಡ ಗ್ರಂಥಮಾಲೆಯಲ್ಲಿ ಅದು ೧೯೨೫ರಿಂದ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಅದರ ವಿನೋದಗಳ ಭಾಗದಲ್ಲಿ ಕುಸ್ತಿ, ಕೋಳಿಯ ಜಗಳ, ಟಗರಿನ ಕಾಳಗಗಳ ಜೊತೆಗೆ ಗಜವಾಹ್ಯಾಲಿಯೆಂಬ ಆಟದ ವರ್ಣನೆಯಿದೆ. ಆನೆಗೆ ಔಷಧಗಳಿಂದ ಮದವನ್ನು ಬರಿಸಿ, ಕಟ್ಟಿದ ಅಂಗಣಕ್ಕೆ ಬಿಟ್ಟು, ಅದರ ಮುಂದೆ ಓಟಗಾರರನ್ನು ಓಡಿಸಿ, ದೊರೆಯೂ ಪರಿವಾರವೂ ಎತ್ತರದಲ್ಲಿ ಕುಳಿತು ನೋಡುವ ಆಟ ಅದು. ಡೇರೆಯಿಲ್ಲ, ಟಿಕೆಟ್ಟಿಲ್ಲ, ಉಳಿದಂತೆ ಸರ್ಕಸ್ಸಿಗೂ ಅದಕ್ಕೂ ಬಹಳ ಅಂತರವಿಲ್ಲ. ಕೆರಳಿದ ಪ್ರಾಣಿಯ ಎದುರಿಗೆ ಇನ್ನೊಬ್ಬನು ಓಡುವುದನ್ನು ನೋಡುವ ಸಂತೋಷ ಕಲ್ಯಾಣದವರಿಗೂ ಇತ್ತು.

ಅಲ್ಲದೆ, ಅಪರಾಧಿಗಳನ್ನು ಆನೆಯ ಕಾಲಿನಿಂದ ತುಳಿಸಿ ಕೊಲ್ಲಿಸುವ ಶಿಕ್ಷೆ ನಮ್ಮ ದೇಶದಲ್ಲಿ ಅನೇಕ ಅರಸರ ಕಾಲದಲ್ಲಿ ರೂಢಿಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದವರೆಗೂ ಅದರ ದಾಖಲೆಗಳು ಸಿಗುತ್ತವೆ. ಟೆನೆಸೀಯಲ್ಲಿ ಮನುಷ್ಯರು ಆನೆಯನ್ನು ನೇಣಿಗೇರಿಸಿದರು. ಇಲ್ಲಿ ಮನುಷ್ಯರು ಆನೆಯನ್ನೇ ಕೊಲೆಪಾತಕಿಯನ್ನಾಗಿ ಮಾಡಿದರು. ಎರಡರಲ್ಲಿಯೂ ಆನೆಗೆ ತನ್ನದೆಂಬ ದ್ವೇಷವಿರಲಿಲ್ಲ, ದ್ವೇಷವೆಲ್ಲ ಮನುಷ್ಯರದೇ. ಭಾರತದ ಸರ್ಕಸ್ಸುಗಳಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಡಿಸಬಾರದೆಂಬ ಸರ್ಕಾರದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದದ್ದು ೨೦೦೧ರಲ್ಲಿ. ಆ ಐದರ ಪಟ್ಟಿಯಲ್ಲಿ ಆನೆಯ ಹೆಸರಿರಲಿಲ್ಲವೆಂಬುದನ್ನೂ ಗಮನಿಸಬೇಕು.

೫

ಈ ಹಿನ್ನೆಲೆಯಲ್ಲಿ ಬ್ರ್ಯಾಂಟರ ನಾಟಕದ ರಚನೆಯನ್ನು ನೋಡಿದರೆ ಅದರ ಉದ್ದೇಶ ಸ್ಪಷ್ಟವಾಗುತ್ತದೆ. ನಾಟಕದಲ್ಲಿ ಸಂಭಾಷಣೆಯೆಂಬುದು ಬಹಳ ಕಡಮೆ. ಸರ್ಕಸ್ಸಿನ ಯಜಮಾನ, ಆನೆಯ ಶಿಕ್ಷಕ, ನರ್ತಕಿ, ವಿದೂಷಕ, ಜಟ್ಟಿ, ಪ್ರವಾಸದ ವ್ಯವಸ್ಥಾಪಕ ಒಂದು ಕಡೆ. ಪಟ್ಟಣದ ಮಾರ್ಷಲ್, ಪಾದ್ರಿ, ಉಗಿಯಂತ್ರದ ಚಾಲಕ, ಊರಿನ ಸಾಮಾನ್ಯರು, ರೈಲ್ವೆಯ ಇಂಜಿನಿಯರು ಇನ್ನೊಂದು ಕಡೆ. ಒಬ್ಬೊಬ್ಬರೂ ಪ್ರೇಕ್ಷಕರತ್ತ ತಿರುಗಿ ತಮ್ಮ ತಮ್ಮ ಹೇಳಿಕೆಯನ್ನು ಕೊಡುತ್ತಾರೆ. ನಡುವೆ ವಾದ್ಯದ ದನಿ ಬರುತ್ತದೆ. ಅರ್ವಿನ್‌ನಲ್ಲಿ ನಡೆಯದ ವಿಚಾರಣೆ ರಂಗಭೂಮಿಯ ಮೇಲೆ ನಡೆಯುವಂತಿದೆ. ಸಾಕ್ಷಿಗಳೆಲ್ಲರೂ ಹಾಜರಿದ್ದಾರೆ, ಪ್ರೇಕ್ಷಕರೇ ಪಂಚಾಯಿತರು. ಇವರಲ್ಲಿ ಯಾರೊಬ್ಬರೂ ರಾಕ್ಷಸರಲ್ಲ. ಒಬ್ಬನಿಗೆ ಕಂಪೆನಿ ಮುಳುಗುವ ಭಯ, ಒಬ್ಬನಿಗೆ ಹುದ್ದೆಯ ಗತ್ತು, ಒಬ್ಬನಿಗೆ ತನ್ನ ಯಂತ್ರದ ಬಲದ ಬಗೆಗಿನ ಹೆಮ್ಮೆ, ಒಬ್ಬನಿಗೆ ಬರಿಯ ಕುತೂಹಲ. ಈ ಚಿಕ್ಕ ಚಿಕ್ಕ ಕಾರಣಗಳು ಕೂಡಿ ಒಂದು ದೊಡ್ಡ ಪಾಪವಾಗುತ್ತವೆ.

ಆನೆ ಮಾತ್ರ ರಂಗಕ್ಕೆ ಬರುವುದೇ ಇಲ್ಲ. ಗುಬ್ಬಿ ವೀರಣ್ಣನವರ ಕಂಪೆನಿ ೧೯೩೪ರಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗದ ಮೇಲೆ ತಂದು ಜನರನ್ನು ಬೆರಗುಗೊಳಿಸಿದ್ದು ಕನ್ನಡ ರಂಗಭೂಮಿಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಡೇರೆ, ಪರದೆ, ಆಳುಕಾಳುಗಳೊಡನೆ ಊರಿಂದೂರಿಗೆ ಸಾಗುತ್ತಿದ್ದ ನಮ್ಮ ವೃತ್ತಿನಾಟಕ ಮಂಡಳಿಗಳಿಗೂ ಸರ್ಕಸ್ಸಿಗೂ ಹತ್ತಿರದ ನಂಟು. ಆ ವೈಭವಕ್ಕೆ ತನ್ನದೇ ಆದ ಸ್ಥಾನವುಂಟು. ಬ್ರ್ಯಾಂಟರ ನಾಟಕದ ಪ್ರಯೋಜನ ಬೇರೆ. ಆನೆಯನ್ನು ರಂಗಕ್ಕೆ ತಂದರೆ ನೋಡಲು ಬಂದವರು ಮತ್ತೊಮ್ಮೆ ಅರ್ವಿನ್‌ನ ಗುಂಪೇ ಆಗುತ್ತಾರೆ. ಅದನ್ನು ಮರೆಯಲ್ಲಿಟ್ಟುದರಿಂದ ಪ್ರೇಕ್ಷಕರ ಕಣ್ಣು ನೋಡಬೇಕಾದುದನ್ನು, ಎಂದರೆ ಮನುಷ್ಯರ ಮುಖಗಳನ್ನು, ನೋಡುತ್ತದೆ.

ರಂಗದ ಮೇಲೆ ಇಲ್ಲದ ಇನ್ನೊಬ್ಬನೂ ಇದ್ದಾನೆ: ಸತ್ತ ಕೂಲಿಗಾರ ರೆಡ್ ಎಲ್ಡ್ರಿಜ್. ಸೇಡು ತೀರಿಸಿಕೊಂಡದ್ದು ಅವನ ಹೆಸರಿನಲ್ಲಿ. ಆದರೆ ಅವನ ಊರು ಯಾವುದು, ಮನೆಯವರು ಯಾರು, ಅವರಿಗೆ ಯಾರಾದರೂ ಪರಿಹಾರ ಕೊಟ್ಟರೇ ಎಂದು ಗುಂಪಿನಲ್ಲಿ ಕೇಳಿದವರಿಲ್ಲ. ಹೊಟ್ಟೆಪಾಡಿಗಾಗಿ ಊರು ಬಿಟ್ಟು, ಸಿಕ್ಕಿದ ಕೆಲಸಕ್ಕೆ ಸೇರಿ, ಅದರ ಅಪಾಯವನ್ನು ಕಲಿಯುವ ಮೊದಲೇ ಸತ್ತವನು ಅವನು. ಅವನನ್ನು ತರಬೇತಿಯಿಲ್ಲದೆ ಆನೆಯ ಮೇಲೆ ಹತ್ತಿಸಿದವರನ್ನು ಪ್ರಶ್ನಿಸಿದ್ದರೆ ಅದು ಅವನಿಗೆ ಸಲ್ಲಬೇಕಾದ ನ್ಯಾಯವಾಗುತ್ತಿತ್ತು. ಆನೆಯನ್ನು ನೇತುಹಾಕಿದ್ದರಿಂದ ಅವನಿಗೆ ಏನೂ ಸಲ್ಲಲಿಲ್ಲ. ಪರಸ್ಥಳದಲ್ಲಿ ದುಡಿಯುವವನ ಸಾವು ಇತರರ ಕೋಪಕ್ಕೆ ನೆಪವಾಗಿ, ಅವನು ಮಾತ್ರ ಮರೆತುಹೋಗುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಪರನಾಡಿನಲ್ಲಿ ಬಾಳುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

೬

ಚಿಕ್ಕ ಊರೊಂದು ಪ್ರಾಣಿಯ ಸಾವನ್ನು ಬೇರೆ ರೀತಿಯಲ್ಲಿಯೂ ನೆನೆಯಬಲ್ಲದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಕಲ್ಲಿನ ಸಾಕ್ಷ್ಯವಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯-೫೦. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಗಂಗರ ಬೂತುಗನ ನೆರವಿನಿಂದ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ದೊಡ್ಡ ವಾರ್ತೆ ಅದರಲ್ಲಿದೆ. ಆದರೆ ಕಲ್ಲು ನಿಂತದ್ದು ಆ ವಿಜಯಕ್ಕಾಗಿ ಅಲ್ಲ. ಬೂತುಗನ ಸೇವಕ ಮಣಲೆರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನು ಬಿಟ್ಟನು. ನಾಯಿ ಹಂದಿಗಳೆರಡರ ಕಾಳಗವೂ ಆ ಕಲ್ಲಿನ ಮೇಲೆ ಕಂಡರಿಸಲ್ಪಟ್ಟಿದೆ. ಕೊಂದ ಹಂದಿಗೂ ಅಲ್ಲಿ ಎಡೆ ಸಿಕ್ಕಿತು.

ಅರ್ವಿನ್‌ನಲ್ಲಿ ಬಹುಕಾಲ ಯಾವ ಕಲ್ಲೂ ನಿಲ್ಲಲಿಲ್ಲ. ಹಳಿಗಳ ಪಕ್ಕದ ಗುಂಡಿಯ ಮೇಲೆ ಹುಲ್ಲು ಬೆಳೆಯಿತು. ಊರಿನ ಹೆಸರು ಮಾತ್ರ ಆನೆಯನ್ನು ನೇಣುಹಾಕಿದ ಊರೆಂಬ ಅಪಕೀರ್ತಿಗೆ ಅಂಟಿಕೊಂಡಿತು. ಘಟನೆಗೆ ನೂರು ವರ್ಷ ತುಂಬಿದ ೨೦೧೬ರ ಸುಮಾರಿಗೆ ಆ ಊರಿನ ತರುಣರು ಬಣ್ಣಬಣ್ಣದ ಆನೆಯ ಪ್ರತಿಮೆಗಳನ್ನು ಬೀದಿಗಳಲ್ಲಿ ನಿಲ್ಲಿಸಿ, ಅವುಗಳನ್ನು ಹರಾಜು ಹಾಕಿ, ಅದೇ ಟೆನೆಸೀಯ ಹೋಹೆನ್‌ವಾಲ್ಡ್ ಎಂಬಲ್ಲಿರುವ ಆನೆಗಳ ಆಶ್ರಯಧಾಮಕ್ಕೆ ನೆರವು ನೀಡತೊಡಗಿದರು. ೧೯೯೫ರಲ್ಲಿ ಸ್ಥಾಪಿತವಾದ ಆ ಧಾಮ, ಸರ್ಕಸ್ಸು ಮೃಗಾಲಯಗಳಿಂದ ಬಿಡುಗಡೆಯಾದ ಆನೆಗಳು ತಮ್ಮ ಕೊನೆಗಾಲವನ್ನು ನೆಮ್ಮದಿಯಾಗಿ ಕಳೆಯುವ ಸ್ಥಳ. ಅಜ್ಜಂದಿರು ನೋಡಲು ಹೋಗಿದ್ದ ಸಾವಿಗೆ ಮೊಮ್ಮಕ್ಕಳು ತೆತ್ತ ದಂಡವೆಂದು ಇದನ್ನು ಎಣಿಸಬಹುದು. ಕೌಟಿಲ್ಯನ ಲೆಕ್ಕದಲ್ಲಿ ಆ ದಂಡ ಸಲ್ಲಬೇಕಾಗಿದ್ದುದು ಅಂದೇ. ಆದರೂ ಹೊಣೆಯನ್ನು ತಡವಾಗಿಯಾದರೂ ಒಪ್ಪಿಕೊಂಡ ಊರು, ಹೊಣೆಯೇ ಇಲ್ಲವೆಂದು ನಂಬಿ ಬಾಳಿದ ಊರಿಗಿಂತ ಮೇಲು.

ಮುಂದಿನ ಬೋನಾಲು ಹಬ್ಬದಲ್ಲಿಯೋ ಮೊಹರಮಿನಲ್ಲಿಯೋ ಹಳೆಯ ನಗರದ ಬೀದಿಯಲ್ಲಿ ಆನೆ ಬರುವಾಗ ಜನ ಎಂದಿನಂತೆ ದಾರಿ ಬಿಟ್ಟು ನಿಲ್ಲುತ್ತಾರೆ. ಅವರ ದೃಷ್ಟಿ ಆನೆಯ ಮೇಲಿನ ಅಲಂಕಾರದಿಂದ ಕೊಂಚ ಇಳಿದು, ಅದರ ಕಿವಿಯ ಹಿಂದೆ ಕಾಲಿಟ್ಟು ಕುಳಿತ ಮಾವುತನ ಮೇಲೂ, ಪಕ್ಕದಲ್ಲಿ ನಡೆಯುವ ಕಾವಾಡಿಯ ಮೇಲೂ ಬೀಳಲಿ. ಅವನಿಗೆ ಆ ವಿದ್ಯೆಯನ್ನು ಕಲಿಯಲು ಕಾಲ ದೊರೆತಿದೆಯೇ, ಆನೆಗೆ ಸಕಾಲದಲ್ಲಿ ನೀರು ದೊರೆತಿದೆಯೇ ಎಂದು ಕೇಳುವುದು ದುರಂತದ ಮುಂಚೆಯೇ ನಡೆಯಬೇಕಾದ ವಿಚಾರಣೆ.